ಕೋರಮಂಡಲ್‌ನಲ್ಲಿ ಕಳವಾದ ಹಡಗಿನ ಮೂಗು

ಟ್ಯಾಂಕರ್‌ನ ಪೈಪನ್ನು ಮೊದಲನೇ ಡ್ರಮ್ಮಿನಿಂದ ಎತ್ತಿ ಎರಡನೆಯದಕ್ಕೆ ತಿರುಗಿಸುತ್ತಿದ್ದ ಮಹಿಳಾ ಕಾನ್‌ಸ್ಟೆಬಲ್ ಶಶಿರೇಖ, "ತಡೀರಿ ತಡೀರಿ, ಇದ್ರ ತಳದಾಗೆ ಪಾಚಿ ಐತೆ, ಮೊದ್ಲು ಉಜ್ಜಿ" ಎಂದು ಕೂಗಿದಳು. ಹೆಡ್ ಕಾನ್‌ಸ್ಟೆಬಲ್ ಆಂಜಿನಪ್ಪ ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು, ಡ್ರಮ್ಮನ್ನು ಓರೆ ಮಾಡಿ, ತೆಂಗಿನ ನಾರಿನಿಂದ ಉಜ್ಜತೊಡಗಿದ. ಚಾಂಪಿಯನ್ ರೀಫ್ಸ್ ಠಾಣೆಗೆ ಟ್ಯಾಂಕರ್ ಬರುವುದು ವಾರಕ್ಕೆ ಎರಡೇ ಸಲ. ಆ ಹೊತ್ತಿನಲ್ಲಿ ಠಾಣೆಯಲ್ಲಿ ಬೇರೆ ಕೆಲಸ ನಡೆಯುವುದಿಲ್ಲ, ನಡೆಸುವ ಧೈರ್ಯವೂ ಯಾರಿಗೂ ಇಲ್ಲ.

ಅಂದು 2025ರ ಫೆಬ್ರವರಿ 10, ಸೋಮವಾರ. ಬೆಳಿಗ್ಗೆ ಎಂಟು ಗಂಟೆ ದಾಟಿತ್ತು. ಸ್ಕೂಟರ್ ನಿಲ್ಲಿಸಿ ಬಂದ ಒಬ್ಬ ಮನುಷ್ಯ ನೀರಿನ ಕೆಸರು ದಾಟಲಾರದೆ ಅಲ್ಲೇ ನಿಂತ. ಐವತ್ತರ ವಯಸ್ಸು, ಅಂಗಿಯ ತೋಳಿನ ಮೇಲೆ ಮರದ ಪುಡಿ.

"ಏನಣ್ಣಾ?" ಎಂದ ಆಂಜಿನಪ್ಪ, ತಲೆ ಎತ್ತದೆ.

"ಕಂಪ್ಲೇಂಟ್ ಕೊಡಬೇಕು. ಕಳ್ಳತನ ಆಗಿದೆ."

"ಏನ್ ಓಗಿರೋದು?"

"ಹಡಗಿನ ಮೂಗು" ಎಂದ ಆತ.

ಆಂಜಿನಪ್ಪ ನಾರು ಹಿಡಿದ ಕೈಯನ್ನು ಡ್ರಮ್ಮಿನಿಂದ ಹೊರಗೆ ತೆಗೆದ. "ಯಾವ್ ಅಡಗಣ್ಣಾ? ಬೇತಮಂಗಲದ ಕೆರೆಯಾಗೆ ನಿಲ್ಸಿದ್ರಲ್ಲ, ಅದಾ?"

ನಗು ತಡೆಯಲು ಶಶಿರೇಖ, ಸಮವಸ್ತ್ರಕ್ಕೆ ಸೆರಗಿಲ್ಲದೆ, ಬಾಯಿಗೆ ಕೈ ಅಡ್ಡ ಹಿಡಿದಳು. ಒಳಗಿನಿಂದ ಇನ್‌ಸ್ಪೆಕ್ಟರ್ ಅರುಣಕುಮಾರಿಯವರ ದನಿ ಬಂತು: "ಆಂಜಿನಪ್ಪ, ಅವರನ್ನ ಒಳಗೆ ಕಳಿಸಿ."

ಅರುಣಕುಮಾರಿಯವರು ಈ ಠಾಣೆಗೆ ಬಂದು ನಾಲ್ಕು ತಿಂಗಳಾಗಿತ್ತು. ಚಿನ್ನದ ಗಣಿ ಮುಚ್ಚಿದ ಈ ಊರಿನ ರೀತಿ ರಿವಾಜು ಅವರಿಗೆ ಇನ್ನೂ ಹೊಸದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಅವರು ನಾಚುತ್ತಿರಲಿಲ್ಲ.

"ಕೂತ್ಕೊಳಿ. ನಾನು ಸಮುದ್ರ ನೋಡಿರೋದೇ ಎರಡು ಸಲ. ಮೊದಲಿಂದ ಹೇಳಿ."

ಬಂದವನ ಹೆಸರು ವಿಜಯಕುಮಾರ್. ಅದೇ ಊರಿನ ಕೋರಮಂಡಲ್ ಬಡಾವಣೆಯಲ್ಲಿ, ಹಳೆಯ ಗಣಿಯ ಬಡಗಿ ಶೆಡ್ಡಿನಲ್ಲಿ, ಅವನದೊಂದು ಕಾರ್ಖಾನೆ. ಇಪ್ಪತ್ತೆರಡು ಜನ ಕೆಲಸಗಾರರು. ಗಣಿ ಮುಚ್ಚಿದ ಮೇಲೆ, ಸುರಂಗಕ್ಕೆ ಮರದ ಆಸರೆ ಕೊಡುತ್ತಿದ್ದ ಬಡಗಿಗಳನ್ನು ಸೇರಿಸಿಕೊಂಡು ಅವನ ತಂದೆ ಶುರುಮಾಡಿದ್ದು. ಅಲ್ಲಿ ಹಡಗುಗಳ ಮಾದರಿ ಮಾಡುತ್ತಾರೆ. ಆಟದ ಸಾಮಾನಲ್ಲ. ಯಾವ ಹಡಗನ್ನೇ ಕಟ್ಟಲಿ, ಉಕ್ಕು ಕತ್ತರಿಸುವ ಮೊದಲು ಅದರ ಸಣ್ಣ ಮೈಯನ್ನು ಮರದಲ್ಲಿ ಮಾಡಿ, ಉದ್ದನೆಯ ನೀರಿನ ಕೊಳದಲ್ಲಿ ಎಳೆದು ನೋಡಬೇಕು. ನೀರು ಎಷ್ಟು ಅಡ್ಡ ಬರುತ್ತದೆ, ಅಲೆ ಎಲ್ಲಿ ಏಳುತ್ತದೆ ಎಂದು ಅಳೆಯಬೇಕು. ಎಷ್ಟೇ ಕಂಪ್ಯೂಟರ್ ಬಂದರೂ ಕೊನೆಯ ಮಾತು ನೀರಿನದೇ.

"ಈಗ ಕಟ್ಟೋದು ಎಂಥ ಹಡಗು?"

"ಕರಾವಳಿ ಸರಕು ಹಡಗು ಮೇಡಂ, ಕೊಚ್ಚಿಯವರು ಕಟ್ಟೋದು. ಬ್ಯಾಟರಿ ಇರುತ್ತೆ, ಮೇಲೆ ಎರಡು ಕಂಬ ಇರುತ್ತೆ, ತಿರುಗೋ ಕಂಬ. ಗಾಳಿ ಬಂದಾಗ ಆ ಕಂಬಗಳೇ ಹಾಯಿ ಇದ್ದಂಗೆ ಹಡಗನ್ನ ದೂಡ್ತವೆ. ಎಣ್ಣೆ ಉಳಿಯುತ್ತೆ."

"ಮೂಗು ಅಂದ್ರೆ?"

"ಮುಂದಿನ ತುದಿ. ನೀರನ್ನ ಸೀಳೋದು. ಮಾದರೀಲಿ ಅದನ್ನ ಬೇರೆ ತುಂಡಾಗಿ ಮಾಡ್ತೀವಿ, ಬಿಚ್ಚಿ ಹಾಕಬಹುದು. ಎರಡೂವರೆ ಅಡಿ ಇರುತ್ತೆ. ದೊಡ್ಡ ಬೂದುಗುಂಬಳಕಾಯಿಯಷ್ಟು ಭಾರ."

"ಇನ್ನೊಂದು ಮಾಡೋಕಾಗಲ್ವಾ?"

"ಕೆತ್ತೋದು ಎರಡು ದಿನ, ಮಿಷನ್ ಕೆತ್ತುತ್ತೆ. ಮರದ ಪದರ ಅಂಟಿಸಿ ಒಣಗಿಸೋಕೆ ಮೂರು ವಾರ ಬೇಕು. ಶುಕ್ರವಾರ ಲಾರಿ ಹೊರಡಬೇಕು ಮೇಡಂ. ಸೋಮವಾರ ಚೆನ್ನೈನ ಕೊಳ ನಮಗೆ ಸಿಕ್ಕಿದೆ. ತಪ್ಪಿದ್ರೆ ಮತ್ತೆ ನವೆಂಬರ್. ಅಷ್ಟು ದಿನ ಯಾರೂ ಕಾಯಲ್ಲ, ಆರ್ಡರ್ ಬೇರೆಯವರಿಗೆ ಹೋಗುತ್ತೆ. ಕೈಯಲ್ಲಿ ಇನ್ನೊಂದು ದೊಡ್ಡ ಕೆಲಸ ಇಲ್ಲ. ಇಪ್ಪತ್ತೆರಡು ಜನಕ್ಕೂ ಮನೆಗೆ ಹೋಗಿ ಅನ್ನಬೇಕಾಗುತ್ತೆ."

"ಬೇರೆ ಮೂಗು ಯಾವುದೂ ಇಲ್ವಾ?"

ವಿಜಯಕುಮಾರ್ ಕಿಟಕಿಯ ಕಡೆ ನೋಡಿದ. "ಒಂದಿದೆ. ಹಳೇ ನಕ್ಷೆಯದು. ಅದು ಅವರಿಗೆ ಬೇಡ."

ಒಂಬತ್ತೂ ಕಾಲಿಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 305ರ ಅಡಿ ಎಫ್‌ಐಆರ್ ದಾಖಲಾಯಿತು. ಕಳವಾದ ಮಾಲಿನ ವಿವರಣೆ ಬರೆಯುವಾಗ ಠಾಣೆಯ ರೈಟರ್ ಎರಡು ಸಲ ಪೆನ್ನು ನಿಲ್ಲಿಸಿ, "ಮೂಗು ಅಂತಾನೇ ಬರೀಲಾ ಮೇಡಂ?" ಎಂದು ಕೇಳಿದ.

"ಬರೀರಿ. ಇರೋದನ್ನೇ ಬರೀರಿ."

ಹತ್ತು ಗಂಟೆಗೆ ಸ್ಥಳ ಪಂಚನಾಮೆ. ಶೆಡ್ಡಿನ ಹಿಂದೆ, ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ಸೈನೈಡ್ ದಿಬ್ಬ ಬೂದಿ ಬಣ್ಣದ ಗೋಡೆಯಂತೆ ನಿಂತಿತ್ತು. ಗೇಟಿನ ಒಳಬದಿಯ ಗೋಡೆಗೆ ಎರಡು ಹಲಗೆ ಬಡಿದಿದ್ದರು. ಒಂದರಲ್ಲಿ ಹಿತ್ತಾಳೆಯ ಬಿಲ್ಲೆಗಳು ಸಾಲಾಗಿ, ಇನ್ನೊಂದರಲ್ಲಿ ಒಂದೆರಡು ತೂಗುತ್ತಿದ್ದವು. ಒಳಗೆ, ಮರದ ತೊಟ್ಟಿಲಿನಂಥ ಆಸರೆಯ ಮೇಲೆ, ಹದಿನಾರು ಅಡಿಯ ಹಳದಿ ಹಡಗು ಮೂಗಿಲ್ಲದೆ ಮಲಗಿತ್ತು. ಅದರಾಚೆ ಇನ್ನೊಂದು ಮಾದರಿಗೆ ಬಟ್ಟೆ ಹೊದಿಸಿದ್ದರು.

"ಅದೇನು?" ಎಂದರು ಅರುಣಕುಮಾರಿ.

"ನೌಕಾಪಡೆಯ ಗಸ್ತು ದೋಣಿ" ಎಂದ ವಿಜಯಕುಮಾರ್. "ಬದಿಗಳು ಓರೆಯಾಗಿವೆ ನೋಡಿ. ರೇಡಾರ್ ಅಲೆ ಬಡಿದರೆ ವಾಪಸ್ ಹೋಗದೆ ಬೇರೆ ಕಡೆ ಜಾರಲಿ ಅಂತ."

ಇನ್‌ಸ್ಪೆಕ್ಟರರ ಹುಬ್ಬು ಸ್ವಲ್ಪ ಮೇಲೇರಿತು. ಆ ದೋಣಿಯ ನಕ್ಷೆಗಳನ್ನು ಇಟ್ಟ ಉಕ್ಕಿನ ಬೀರು ತೆರೆಸಿದರು. ಮೊಹರು ಒಡೆದಿರಲಿಲ್ಲ. ಹೊದಿಸಿದ ಬಟ್ಟೆಯ ಮೇಲೆ ವಾರದ ಧೂಳು ಹಾಗೇ ಕೂತಿತ್ತು. ಕಳ್ಳನಿಗೆ ನೌಕಾಪಡೆಯ ಚಿಂತೆ ಇರಲಿಲ್ಲ ಎಂದು ಅವರು ಬರೆದುಕೊಂಡರು. ಆದರೂ ಜಿಲ್ಲಾ ಕಚೇರಿಗೆ ಒಂದು ಮಾತು ತಿಳಿಸಿದರು.

ಮೂಗು ಇದ್ದ ಜಾಗದ ಪಕ್ಕದಲ್ಲೇ, ಅಂಗೈಗಿಂತ ದೊಡ್ಡದಾದ ಮೂರು ಕಂಚಿನ ಪಂಖಗಳು ಮಿರಮಿರ ಹೊಳೆಯುತ್ತಿದ್ದವು. ಹಡಗಿನ ಹಿಂದೆ ನೀರನ್ನು ತಳ್ಳುವ ಪಂಖದ ಮಾದರಿಗಳು.

"ಇದನ್ನ ಬಿಟ್ಟು ಮರ ತಗೊಂಡು ಹೋಗಿದಾನೆ" ಎಂದರು ಅರುಣಕುಮಾರಿ. "ಚಿನ್ನ ಅಂದ್ಕೊಂಡಾದ್ರೂ ಎತ್ತಿಕೊಳ್ಳಬೇಕಿತ್ತು."

ಮಿಷನ್ ನಡೆಸುವ ಸೆಲ್ವಿ ಹತ್ತಿರದಲ್ಲೇ ನಿಂತಿದ್ದಳು. "ಮೇಡಂ, ಬಣ್ಣ ನೋಡಿ ಮೋಸ ಓಗೋಕೆ ನಾವೇನು ಬೆಂಗಳೂರೋರಾ?" ಎಂದಳು. ಪಂಚರಲ್ಲಿ ಒಬ್ಬ ನಕ್ಕ. ಆಂಜಿನಪ್ಪ ಪಂಖವನ್ನು ಕೈಯಲ್ಲಿ ತೂಗಿ, "ಗುಜರಿಯಾಗೆ ಒಳ್ಳೇ ರೇಟ್ ಬತ್ತೈತೆ ಮೇಡಂ. ನಮ್ ಕಳ್ರು ಇದನ್ನ ಬಿಡಾಕಿಲ್ಲ" ಎಂದ.

ಹಿಂದಿನ ಬಾಗಿಲಿನ ಬೀಗ ಒಡೆದಿರಲಿಲ್ಲ. ಅದರ ಕೀಲಿ ಚೌಕಟ್ಟಿನ ಮೇಲಿನ ಸಂದಿಯಲ್ಲಿ ಇರುತ್ತದೆ, ಎಲ್ಲರಿಗೂ ಗೊತ್ತು ಎಂದರು. ಬಾಗಿಲಿನಿಂದ ಒಳಗಿನವರೆಗೂ ಹಾಸಿದ್ದ ಮರದ ಪುಡಿಯಲ್ಲಿ ಬರಿಗಾಲಿನ ಗುರುತುಗಳಿದ್ದವು. ಸಣ್ಣ ಪಾದ.

"ಇಲ್ಲಿ ಯಾರಾದ್ರೂ ಬರಿಗಾಲಲ್ಲಿ ಕೆಲಸ ಮಾಡ್ತೀರಾ?"

"ಇಲ್ಲ ಮೇಡಂ. ಬೂಟ್ಸ್ ಇಲ್ದೆ ಒಳಗೆ ಬಿಡಲ್ಲ" ಎಂದಳು ಸೆಲ್ವಿ.

ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ದೇವರ ಮನೆಗೆ ಹೋದಂತೆ ಒಳಗೆ ಹೋಗಿ, ಬೆಲೆಬಾಳುವುದನ್ನು ಮುಟ್ಟದೆ, ಒಂದು ಮರದ ತುಂಡನ್ನು ಹೊತ್ತು ಹೋದ ಕಳ್ಳ. ಅರುಣಕುಮಾರಿಯವರು ಆ ಗುರುತುಗಳ ಮುಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದರು.

ಮಂಗಳವಾರ ಬೆಳಿಗ್ಗೆ ಆಂಜಿನಪ್ಪ ಬಂಗಾರಪೇಟೆಯ ಗುಜರಿ ಅಂಗಡಿ, ಸೌದೆ ಡಿಪೋ ಎಲ್ಲವನ್ನೂ ಸುತ್ತಿದ. ಕೋಲಾರದ ಬೆರಳಚ್ಚು ತಜ್ಞರು ಬಂದು, ಪುಡಿ ಬಿದ್ದ ಮರದ ಮೇಲೆ ಏನೂ ಸಿಗದೆ ಹೋದರು. ಮಧ್ಯಾಹ್ನಕ್ಕೆ ಆಂಜಿನಪ್ಪ ಬರಿಗೈಯಲ್ಲಿ ಬಂದ. ಬರಿಗೈ ಎನ್ನುವುದೂ ಪೂರ್ತಿ ನಿಜವಲ್ಲ, ಒಂದು ಪೊಟ್ಟಣ ಪಾನಿಪೂರಿ ತಂದಿದ್ದ.

"ಎಲ್ರನ್ನೂ ಕೇಳ್ದೆ ಮೇಡಂ. ಅಡಗಿನ ಮೂಗು ಅಂದ್ರೆ ನಂಗೇ ಡಾಕ್ಟ್ರತ್ರ ಓಗು ಅಂತವ್ರೆ."

ಅರುಣಕುಮಾರಿಯವರು ಹೇಳಿಕೆಗಳನ್ನು ಮತ್ತೆ ಓದುತ್ತಿದ್ದರು. ಕಾವಲುಗಾರ ಶ್ರೀನಿವಾಸಪ್ಪನ ಹೇಳಿಕೆಯ ಹತ್ತಿರ ಅವರ ಬೆರಳು ನಿಂತಿತು. ಭಾನುವಾರ ಕಾರ್ಖಾನೆಗೆ ರಜೆ. ಸಂಜೆ ಆರರಿಂದ ಏಳರವರೆಗೆ ಊಟಕ್ಕೆ ಮನೆಗೆ ಹೋಗಿದ್ದೆ, ಮುಂದಿನ ಗೇಟಿಗೆ ಬೀಗ ಹಾಕಿದ್ದೆ, ಬಂದು ಗೇಟಿನಾಚೆ ಗುಡಿಸಲಲ್ಲಿ ಮಲಗಿದೆ, ಸೋಮವಾರ ಬೆಳಗಿನ ಜಾವ ಶೆಡ್ಡಿನ ಒಳಗೆ ಹೋದಾಗ ಮೂಗು ಇರಲಿಲ್ಲ ಎಂದಿದ್ದ.

"ಶಶಿರೇಖ, ಗೇಟು ತೆರೆಯೋದು ಏಳು ಗಂಟೆಗೆ. ಈ ಮನುಷ್ಯ ಬೆಳಗಿನ ಜಾವ ಶೆಡ್ಡಿನ ಒಳಗೆ ಯಾಕೆ ಹೋದ?"

ಮೂರು ಗಂಟೆಗೆ ಅವರೇ ಶಶಿರೇಖಳನ್ನು ಕರೆದುಕೊಂಡು ಕಾರ್ಖಾನೆಗೆ ಹೋದರು. ಶ್ರೀನಿವಾಸಪ್ಪ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತಿದ್ದ. ಗಣಿ ಮುಚ್ಚುವ ದಿನದವರೆಗೂ ಭೂಮಿಯೊಳಗೆ ದುಡಿದವನು. ಅರವತ್ತೈದು ದಾಟಿತ್ತು. ಕಿವಿಯ ಹಿಂದೆ ಸೇದದ ಬೀಡಿ.

"ಒಳಗೆ ಯಾಕೆ ಹೋದ್ರಿ?"

"ಲೈಟ್ ಆರ್ಸಾಕೆ ಮೇಡಂ."

"ಲೈಟಿನ ಸ್ವಿಚ್ ಇಲ್ಲೇ ಇದೆಯಲ್ಲ, ನಿಮ್ಮ ತಲೆ ಮೇಲೆ."

ಶ್ರೀನಿವಾಸಪ್ಪ ತಲೆ ಎತ್ತಿ ಸ್ವಿಚ್ ನೋಡಿದ. ಇಷ್ಟು ವರ್ಷ ಅದು ಅಲ್ಲಿದ್ದದ್ದೇ ತನಗೆ ಮೋಸ ಮಾಡಿತು ಎನ್ನುವಂತೆ ನೋಡಿದ.

"ಶಬ್ದ ಆಯ್ತು."

"ಎಂಥ ಶಬ್ದ?"

"ಇಲಿ."

"ಇಲಿಗೆ ಹೆದರಿ ಶೆಡ್ಡೆಲ್ಲ ಹುಡುಕಿದ್ರಾ? ನಿಮ್ಮ ಬೂಟಿನ ಗುರುತು ಮೂಲೆ ಮೂಲೇಲೂ ಇದೆ. ಮಿಷನ್ನಿನ ಕೆಳಗೂ ಬಗ್ಗಿ ನೋಡಿದೀರಿ. ಯಾರನ್ನ ಹುಡುಕ್ತಿದ್ರಿ?"

ಶಶಿರೇಖ ಅವನ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತಳು. "ತಾತಾ, ನಮ್ಮಪ್ಪಾನೂ ಇಲ್ಲೇ ಮೈಸೂರು ಮೈನ್ಸ್‌ನಾಗೆ ಇದ್ದೋನು. ಏನಾಯ್ತು ಅಂತ ಏಳು, ಪರವಾಗಿಲ್ಲ."

"ಏಳುದ್ರೆ ನಗ್ತೀಯ."

"ನಗಾಕಿಲ್ಲ."

"ಈ ಹೆಣ್ಮಕ್ಳು ನಾಳೆಯಿಂದ ಕೆಲ್ಸಕ್ಕೆ ಬರಾಕಿಲ್ಲ."

"ಅವ್ರಿಗೆ ಯಾರ್ ಏಳ್ತಾರೆ?"

ಶ್ರೀನಿವಾಸಪ್ಪ ಎದ್ದು ಗೋಡೆಯ ಹಲಗೆಗಳ ಹತ್ತಿರ ಹೋದ. ಒಂದರ ಮೇಲೆ 'ಹೊರಗೆ', ಇನ್ನೊಂದರ ಮೇಲೆ 'ಒಳಗೆ' ಎಂದು ಬಣ್ಣದಲ್ಲಿ ಬರೆದಿತ್ತು. ಗಣಿಯಲ್ಲಿದ್ದ ಪದ್ಧತಿ. ಒಬ್ಬೊಬ್ಬರಿಗೆ ಒಂದೊಂದು ಅಂಕಿಯ ಬಿಲ್ಲೆ. ಕೆಳಗೆ ಇಳಿಯುವ ಮುಂಚೆ ಬಿಲ್ಲೆಯನ್ನು 'ಒಳಗೆ' ಹಾಕಬೇಕು, ಮೇಲೆ ಬಂದ ಮೇಲೆ 'ಹೊರಗೆ' ಹಾಕಬೇಕು. ಪಾಳಿ ಮುಗಿದ ಮೇಲೂ 'ಒಳಗೆ' ಒಂದು ಬಿಲ್ಲೆ ಉಳಿದರೆ ಒಬ್ಬ ಮನುಷ್ಯ ಭೂಮಿಯ ಹೊಟ್ಟೆಯಲ್ಲಿ ಉಳಿದಿದ್ದಾನೆ ಎಂದರ್ಥ. ಅವನು ಸಿಗುವತನಕ ಯಾರೂ ಮನೆಗೆ ಹೋಗುವಂತಿಲ್ಲ. ಗಣಿ ಮುಚ್ಚಿದರೂ ಗಣಿಯವರು ಬಿಲ್ಲೆ ಬಿಡಲಿಲ್ಲ. ಬಿಲ್ಲೆ ಹಾಕದೆ ಒಳಗೆ ಹೋದವನನ್ನು ಹುಡುಕುವವರಿಲ್ಲ ಎಂಬ ಭಯ ಅವರ ಮೈಗೆ ಹತ್ತಿಬಿಟ್ಟಿತ್ತು.

"ಬೆಳಗಿನ ಜಾವ ಕಸ ಗುಡಿಸಾನ ಅಂತ ಗೇಟ್ ತೆಗ್ದೆ. ಒಳಗಿನ ಅಲಗೇಲಿ ಒಂದು ಬಿಲ್ಲೆ ತೂಗ್ತಿತ್ತು ಮೇಡಂ. ಒಳಗೆ ಯಾರೋ ಅವ್ರೆ ಅಂತ ಓಡ್ದೆ. ಕೂಗ್ದೆ. ಎಲ್ಲಾ ಉಡುಕ್ದೆ. ಯಾರೂ ಇಲ್ಲ. ಆಗ ನೋಡ್ದೆ, ಮೂಗು ಇರ್ಲಿಲ್ಲ."

"ಯಾವ ನಂಬರಿನ ಬಿಲ್ಲೆ?"

"ಅದಿನೇಳು."

"ಹದಿನೇಳು ಯಾರದು?"

"ಯಾರ್ದೂ ಅಲ್ಲ ಮೇಡಂ. ಅದೇ ತೊಂದ್ರೆ." ಅವನು ಬೀಡಿಯನ್ನು ಕಿವಿಯಿಂದ ತೆಗೆದು ಮತ್ತೆ ಸಿಕ್ಕಿಸಿಕೊಂಡ. "ಅದು ವೆಂಕಟರಾಮಪ್ಪಂದು. ಅವ್ನು ಓದ್ ವರ್ಷ ಆಗಸ್ಟ್‌ನಾಗೆ ತೀರ್ಕೊಂಡ. ವರ್ಸದ ಕಾರ್ಯ ಆಗೋವರ್ಗೂ ಸತ್ತೋರ ಬಿಲ್ಲೆ ನಾವು ತೆಗಿಯಾಕಿಲ್ಲ. ನಾನು ಅದನ್ನ ಮತ್ತೆ ಒರಗಡೆ ಆಕಿ ಸುಮ್ಕಾದೆ. ಸತ್ತೋನು ಕೆಲ್ಸಕ್ಕೆ ಬಂದ ಅಂತ ಏಳಿದ್ರೆ ನೀವು ಎಫ್‌ಐಆರ್‌ನಾಗೆ ಬರ್ಕೊಂತಿದ್ರಾ?"

ಇನ್‌ಸ್ಪೆಕ್ಟರ್ ನಗಲಿಲ್ಲ. ಹಲಗೆಯ ಮುಂದೆ ನಿಂತು ಹದಿನೇಳನೆಯ ಬಿಲ್ಲೆಯನ್ನು ನೋಡಿದರು. ಸತ್ತವರು ಬರಿಗಾಲಿನ ಗುರುತು ಬಿಡುವುದಿಲ್ಲ. ಬಂದವರಿಗೆ ತಮ್ಮದೇ ಬಿಲ್ಲೆ ಇರಲಿಲ್ಲ. ಆದರೆ ಬಿಲ್ಲೆ ಹಾಕದೆ ಒಳಗೆ ಕಾಲಿಡಲು ಮನಸ್ಸು ಒಪ್ಪಲಿಲ್ಲ. ಹಿಂದಿನ ಬಾಗಿಲಿನಿಂದ ಬಂದು, ಅದಕ್ಕಾಗಿಯೇ ಗೇಟಿನವರೆಗೆ ನಡೆದು, ಬಿಲ್ಲೆ ಹಾಕಿ ಹೋಗಿದ್ದಾರೆ. ಹೊರಡುವಾಗ ಎರಡೂ ಕೈಯಲ್ಲಿ ಭಾರ. ಮತ್ತೆ ಗೇಟಿನವರೆಗೆ ಬರಲಾಗಲಿಲ್ಲ.

ಸೆಲ್ವಿಯನ್ನು ಕರೆಸಿದರು.

"ವೆಂಕಟರಾಮಪ್ಪ ಇಲ್ಲಿ ಏನು ಕೆಲಸ ಮಾಡ್ತಿದ್ರು?"

"ಅಣ್ಣ ಕೈಯಲ್ಲೇ ಕೆತ್ತೋರು ಮೇಡಂ. ಮಿಷನ್ ಬರೋ ಮುಂಚೆ ಎಲ್ಲಾ ಮೂಗೂ ಅವ್ರೇ. ನಂಗೆ ಮಿಷನ್ ಬಂದಾಗ, 'ಏಮ್ಮಾ ಸೆಲ್ವೀ, ನಿನ್ ಯಂತ್ರಕ್ಕೆ ಕೆಮ್ಮು ಬತ್ತದಾ?' ಅಂತ ರೇಗಿಸ್ತಿದ್ರು."

"ಅವರ ಬಿಲ್ಲೆ ಬೇರೆ ಯಾರಾದ್ರೂ ಹಾಕ್ತಿದ್ರಾ?"

ಸೆಲ್ವಿಯ ಮುಖದ ನಗು ಇಳಿಯಿತು. ಆಮೇಲೆ ನಿಧಾನವಾಗಿ ಹೇಳಿದಳು: "ಕೊನೇ ಕೊನೇಲಿ ಅಣ್ಣನಿಗೆ ಉಸಿರು ಕಟ್ತಿತ್ತು. ಅಕ್ಕ ಜತೇಲಿ ಬಂದು ಉಜ್ಜೋ ಕೆಲಸ ಮಾಡ್ಕೊಡ್ತಿದ್ರು. ಅಕ್ಕನಿಗೆ ಬಿಲ್ಲೆ ಇಲ್ಲ. ಇಬ್ರಿಗೂ ಅದೊಂದೇ."

ಅಕ್ಕ ಎಂದರೆ ವೆಂಕಟರಾಮಪ್ಪನ ಹೆಂಡತಿ ಮುನಿಶಾಮಮ್ಮ. ಗಂಡ ಹೋದ ಮೇಲೆ ಬಂಗಾರಪೇಟೆಗೆ ಹೋಗಿ, ಪಾನಿಪೂರಿ ಅಂಗಡಿಗಳಿಗೆ ಪೂರಿ ಲಟ್ಟಿಸಿ ಕೊಟ್ಟು ಬದುಕುತ್ತಿದ್ದಳು.

ಬುಧವಾರ, ಫೆಬ್ರವರಿ 12. ಅರುಣಕುಮಾರಿ ಮತ್ತು ಶಶಿರೇಖ ಇಬ್ಬರು ಪಂಚರೊಂದಿಗೆ ಬಂಗಾರಪೇಟೆ ರೈಲು ನಿಲ್ದಾಣದ ಹಿಂದಿನ ಓಣಿಗೆ ಬಂದಾಗ ಬೆಳಗಿನ ಹನ್ನೊಂದು. ಒಂದೇ ಕೋಣೆಯ ಮನೆ. ಅಂಗಳದ ಚಾಪೆಯ ಮೇಲೆ ರೂಪಾಯಿ ಅಗಲದ ಪೂರಿಗಳು ಒಣಗುತ್ತಿದ್ದವು. ಮುನಿಶಾಮಮ್ಮ ಮಣೆಯ ಮುಂದೆ ಕೂತು ಲಟ್ಟಿಸುತ್ತಿದ್ದಳು. ಸಮವಸ್ತ್ರ ನೋಡಿ ಕೈ ನಿಲ್ಲಿಸಲಿಲ್ಲ. ಕೈಲಿದ್ದ ಒಂದು ಪೂರಿ ಮುಗಿಸಿ ಚಾಪೆಗೆ ಹಾಕಿದಳು.

"ಬನ್ನಿ ತಾಯಿ. ನಿನ್ನೇನೇ ಬತ್ತೀರ ಅನ್ಕಂಡಿದ್ದೆ. ಪೋಲಿಸ್ನೋರು ಯಾಕೋ ತಡ ಮಾಡಿದ್ರಿ."

"ಎಲ್ಲಿದೆ?"

"ರಾಗಿ ತೊಂಬೆ ಇಂದೆ. ಮುಟ್ಟಾಕ್ ಮುಂಚೆ ಕೈ ಒರೆಸ್ಕಳಮ್ಮ. ಎಣ್ಣೆ ಕೈ ತಾಕಿದ್ರೆ ಆಮೇಲೆ ಬಣ್ಣ ಇಡಿಯಾಕಿಲ್ಲ."

ಶಶಿರೇಖ ನಿಜವಾಗಿಯೂ ಕೈ ಒರೆಸಿಕೊಂಡಳು. ತೊಂಬೆಯ ಹಿಂದೆ, ಎರಡು ಇಟ್ಟಿಗೆಯ ಮೇಲೆ, ಒದ್ದೆ ಗೋಣಿಯಲ್ಲಿ ಸುತ್ತಿದ ಮೂಗು ಇತ್ತು. ಗೋಣಿಗೂ ಮರಕ್ಕೂ ನಡುವೆ ಒಂದು ಹಳೆಯ ಪಂಚೆ. ಬಣ್ಣ ಕಾಣದ ಬರಿ ಮರ ಫೆಬ್ರವರಿಯ ಒಣ ಗಾಳಿಗೆ ಸೀಳದಿರಲಿ ಎಂದು ಅವಳು ಹೊತ್ತು ಹೊತ್ತಿಗೆ ಗೋಣಿಗೆ ನೀರು ಚಿಮುಕಿಸಿದ್ದಳು. ಕೊಡ ನೀರಿಗೆ ಓಣಿಯೇ ಜಗಳವಾಡುವ ಜಾಗದಲ್ಲಿ.

ಪಂಚರ ಸಮ್ಮುಖದಲ್ಲಿ ಅಮಾನತು ಪಂಚನಾಮೆ ಬರೆದರು. ಮೂಗಿಗೆ ಒಂದು ಗೀರೂ ಇರಲಿಲ್ಲ.

"ಹೇಗೆ ತಂದ್ರಿ?"

"ಸೀರೇಲಿ ಸುತ್ತಿ ತಲೆ ಮೇಲೆ ಒತ್ಕಂಡೆ. ಕೋರಮಂಡಲ್ ಸ್ಟೇಷನ್‌ನಾಗೆ ರೈಲ್ ಅತ್ತಿದೆ. ಎದ್ರುಗಡೆ ಒಬ್ಳು, 'ಏನಕ್ಕಾ, ಅಲಸಿನಣ್ಣಾ?' ಅಂದ್ಲು. ಇನ್ನೂ ಕಾಯಿ ಕಣಮ್ಮ ಅಂದೆ."

"ಮಾರೋಕೆ ತಂದ್ರಾ?"

"ಇದನ್ ಯಾರ್ ತಗಂತಾರೆ? ಒಲೆಗ್ ಆಕಾಕಾ?"

"ಮತ್ತೆ ಯಾಕೆ?"

ಮುನಿಶಾಮಮ್ಮ ತಾನೇ ಒಂದು ಪ್ರಶ್ನೆ ಕೇಳಿದಳು. "ಲಾರಿ ಓಯ್ತಾ?"

"ಶುಕ್ರವಾರ ಹೋಗುತ್ತೆ."

"ನಮ್ಮೋರ್ದು ಆಕ್ಕಂಡ್ರಾ?"

"ಯಾವುದು?"

"ನಮ್ಮೋರು ಕೆತ್ತಿದ್ ಮೂಗು. ದುಂಡಕ್ಕೆ, ದೊಡ್ದಾಗಿರೋದು. ಇದು ಇಲ್ದಿದ್ರೆ ಅದನ್ನಾದ್ರೂ ಆಕ್ಕಂಡು ಓಯ್ತಾರೆ ಅಂತ..."

"ಹಾಕಿಲ್ಲಮ್ಮ."

ಅವಳು ಲಟ್ಟಣಿಗೆಯನ್ನು ಮಣೆಯ ಮೇಲೆ ಇಟ್ಟಳು. ಅದು ಉರುಳಿ ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ.

ಆಮೇಲೆ ಅವಳು ಹೇಳಿದ್ದನ್ನು ಶಶಿರೇಖ ಬರೆದುಕೊಂಡಳು. ಮೊದಲ ನಕ್ಷೆಯಲ್ಲಿ ಹಡಗು ವೇಗವಾಗಿ ಓಡಬೇಕಿತ್ತು, ಅದಕ್ಕೆ ನೀರಿನಡಿ ಚಾಚಿಕೊಂಡ ದೊಡ್ಡ ದುಂಡು ಮೂಗು. ವೆಂಕಟರಾಮಪ್ಪ ಅದನ್ನು ಮೂರು ತಿಂಗಳು, ಕೆಮ್ಮುತ್ತಾ ಕೂತೇ ಕೆತ್ತಿದ. ಮುಗಿಯುವ ಹೊತ್ತಿಗೆ ನಕ್ಷೆ ಬದಲಾಯಿತು. ಈಗ ಎಣ್ಣೆ ಉಳಿಸಲು ಹಡಗುಗಳು ನಿಧಾನ ಹೋಗುತ್ತವೆ, ನಿಧಾನಕ್ಕೆ ದೊಡ್ಡ ಮೂಗು ಹೊರೆ, ನೆಟ್ಟಗಿನ ಚೂಪು ಮೂಗು ಸಾಕು ಎಂದರು. ದುಂಡು ಮೂಗು ಅಟ್ಟ ಸೇರಿತು.

"ಇಪ್ಪತ್ತು ವರ್ಸದಾಗೆ ಅವರ್ ಕೆತ್ತಿದ್ದೆಲ್ಲಾ ನೀರ್ಗಿಳಿದವೆ. ಇದೊಂದೇ ಒಣಗೋಯ್ತು. ಆಸ್ಪತ್ರೇಲಿ ದಿನಾ ಕೇಳೋರು, 'ನೀರ್ ಮುಟ್ತಾ?' ಅಂತ. ಯಜಮಾನ್ರು ಬಂದು, 'ಕೊಚ್ಚಿಯೋರಿಗೆ ಕಾಗ್ದ ಬರೀತೀನಿ, ನಿಂದನ್ನೂ ಒಂದ್ ಸಲ ಎಳ್ದು ನೋಡಿಸ್ತೀನಿ' ಅಂತ ಮಾತ್ ಕೊಟ್ಟೋದ್ರು. ಇವ್ರು ಕಾದ್ರು. ಕೊನೆಗೆ ನಂಗೆ ತಡೀನಿಲ್ಲ. 'ಊಂ, ಮುಟ್ತಂತೆ, ಮೀನಿನಂಗೆ ಓಯ್ತಂತೆ' ಅಂದ್ಬಿಟ್ಟೆ. ಆವತ್ತು ಚೆಂದಾಗಿ ನಿದ್ದೆ ಮಾಡಿದ್ರು. ಆಮೇಲೆ ಬಾಳ ದಿನ ಉಳೀನಿಲ್ಲ." ಅವಳು ಕಣ್ಣೊರೆಸಿಕೊಳ್ಳಲಿಲ್ಲ. "ಅವ್ರು ನಾನೇಳಿದ್ ಮಾತು ತಗಂಡು ಓದ್ರು. ಸುಳ್ ಮಾತು ಕೊಟ್ ಕಳ್ಸಿದ್ದೀನಿ. ವರ್ಸದ ಕಾರ್ಯದೊಳಗೆ ಅದನ್ನ ನಿಜ ಮಾಡ್ಬೇಕಿತ್ತು. ನಂಗೆ ಇನ್ಯಾವ್ ದಾರೀನೂ ಕಾಣ್ನಿಲ್ಲ."

"ಇಪ್ಪತ್ತೆರಡು ಜನರ ಕೆಲಸ ಹೋಗುತ್ತಿತ್ತು, ಗೊತ್ತಾ?"

ಇದನ್ನು ಮುನಿಶಾಮಮ್ಮ ಯೋಚಿಸಿರಲಿಲ್ಲ ಎಂದು ಅವಳ ಮುಖವೇ ಹೇಳಿತು. "ಒಂದ್ ಮೂಗಿಲ್ದಿದ್ರೆ ಇನ್ನೊಂದ್ ಆಕ್ಕಂತಾರೆ ಅನ್ಕಂಡೆ" ಎಂದಳು. "ಸೆಲ್ವೀದೂ ಓಯ್ತಿತ್ತಾ?"

"ಸೆಲ್ವಿಯದೂ."

ಮಧ್ಯಾಹ್ನ ಹನ್ನೆರಡೂವರೆಗೆ ಬಂಧನ ಪತ್ರ ಬರೆದು ಓದಿ ಹೇಳಿದರು. ಅವಳು ರುಜು ಹಾಕುವ ಮುಂಚೆ, ಒಣಗಿದ ಪೂರಿಗಳನ್ನು ಡಬ್ಬಕ್ಕೆ ತುಂಬಿ ಪಕ್ಕದ ಮನೆಗೆ ಕೊಟ್ಟು, "ಅಂಗಡಿಯೋನು ಬಂದ್ರೆ ಕೊಡು, ಇವತ್ತಿನ್ ಯಾಪಾರ ಕೆಡೋದ್ ಬ್ಯಾಡ" ಎಂದಳು. ಶಶಿರೇಖ ಚಾಪೆ ಸುತ್ತಿ ಒಳಗಿಟ್ಟಳು.

ಠಾಣೆಯಲ್ಲಿ ವಿಜಯಕುಮಾರ್ ಮೂಗನ್ನು ನೋಡಿ ಕೈಮುಗಿದ. ಕೂಡಲೇ ಕೊಂಡೊಯ್ಯಬಹುದು ಎಂದುಕೊಂಡಿದ್ದ.

"ಇದು ಈಗ ಮುದ್ದೇಮಾಲು, ಕೇಸಿನ ಸಾಕ್ಷ್ಯ. ನ್ಯಾಯಾಲಯದ ಅಪ್ಪಣೆ ಇಲ್ಲದೆ ಕೊಡೋಕೆ ಬರಲ್ಲ. ಅರ್ಜಿ ಹಾಕಿ. ನಾನು ಫೋಟೋ, ಅಳತೆ, ಪಂಚನಾಮೆ ಎಲ್ಲಾ ಇವತ್ತೇ ಸಲ್ಲಿಸ್ತೀನಿ. ನಮ್ಮ ಆಕ್ಷೇಪಣೆ ಇಲ್ಲ ಅಂತ ಬರೀತೀನಿ." ಅರುಣಕುಮಾರಿ ಪೆನ್ನು ಕೆಳಗಿಟ್ಟರು. "ನಿಮ್ಮನ್ನ ಒಂದು ಕೇಳಬೇಕು. ಕೊಚ್ಚಿಗೆ ಕಾಗದ ಬರೆದ್ರಾ?"

ಯಾವ ಕಾಗದ ಎಂದು ವಿಜಯಕುಮಾರ್ ಕೇಳಲಿಲ್ಲ.

"ಬರೆದೆ."

"ಕಳಿಸಿದ್ರಾ?"

"ಇಲ್ಲ."

"ಯಾಕೆ?"

"ಅವರು ಬೇಡ ಅಂದ ಮೂಗನ್ನ ಮತ್ತೆ ಮುಂದೆ ಇಟ್ರೆ, ಇವರಿನ್ನೂ ಹಳೇ ಕಾಲದಲ್ಲೇ ಇದಾರೆ ಅಂದ್ಕೊಂಡುಬಿಟ್ರೆ? ನಮ್ಮಂಥ ಸಣ್ಣ ಕಾರ್ಖಾನೆಯವರು ಅಂಥ ಮಾತು ಎತ್ತಬಾರದು ಮೇಡಂ. ನಾಳೆ ಕಳಿಸೋಣ, ನಾಳೆ ಕಳಿಸೋಣ ಅಂತ... ಅವರು ಹೋದ ಮೇಲೆ ಇನ್ನೇನು ಅಂತ ಸುಮ್ಮನಾದೆ."

"ಆಕೆಗೆ ಹೇಳಿದ್ರಾ?"

"ಎದುರಿಗೆ ಸಿಕ್ಕಾಗ ಬೇರೆ ದಾರಿ ಹಿಡೀತಿದ್ದೆ."

ಇನ್‌ಸ್ಪೆಕ್ಟರ್ ಆ ಎರಡು ಸಾಲನ್ನೂ ಹೇಳಿಕೆಗೆ ಸೇರಿಸಿ, ಓದಿ ಹೇಳಿ, ರುಜು ಪಡೆದರು.

ಅದೇ ಸಂಜೆ ಮುನಿಶಾಮಮ್ಮನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು. ತಪ್ಪು ಮಾಡಿದೆ ಎಂದು ತಾನಾಗಿಯೇ ಹೇಳಹೊರಟಳು, ವಕೀಲರು ಸುಮ್ಮನಿರಿಸಿದರು. ಜಾಮೀನು ಸಿಕ್ಕಿತು. ಜಾಮೀನುದಾರನಾಗಿ ನಿಂತವನು ಶ್ರೀನಿವಾಸಪ್ಪ.

"ಇವಳು ನಿನಗೇನಾಗಬೇಕು?" ಎಂದು ಮ್ಯಾಜಿಸ್ಟ್ರೇಟರು ಕೇಳಿದಾಗ ಅವನು ತಡಬಡಾಯಿಸಿ, "ಇವ್ಳ ಗಂಡಾನೂ ನಾನೂ ಒಂದೇ ಪಾಳಿ ಸ್ವಾಮಿ" ಎಂದ. ಹೊರಗೆ ಬಂದ ಮೇಲೆ ಅವಳ ಮೇಲೆ ರೇಗಿದ: "ಬಿಲ್ಲೆ ಆಕಿದ್ಮೇಲೆ ತೆಗ್ಯಾಕ್ ಏನ್ ರೋಗ ನಿಂಗೆ? ಮೂಳೆ ಮೂಳೆ ನಡುಗೋಯ್ತು ನಂಗೆ!"

"ಎರಡ್ ಕೈನಾಗೂ ಇತ್ತಲ್ಲ ಶೀನಣ್ಣ, ಎಂಗ್ ತೆಗೀಲಿ?"

"ಮತ್ಯಾಕ್ ಆಕ್ದೆ?"

"ಆಕ್ದೆ ಒಳಕ್ಕೆ ಓಗಾಕಾಯ್ತದಾ?"

ಶ್ರೀನಿವಾಸಪ್ಪನನ್ನು ಕೇಳಿದ್ದರೂ ಅವನು ಅದನ್ನೇ ಹೇಳುತ್ತಿದ್ದ.

ಗುರುವಾರ ಸಂಜೆ ನಾಲ್ಕಕ್ಕೆ, ಮುಚ್ಚಳಿಕೆ ಬರೆಸಿಕೊಂಡು ಮೂಗನ್ನು ವಿಜಯಕುಮಾರ್ ವಶಕ್ಕೆ ಕೊಡಲು ಆದೇಶವಾಯಿತು. ಆ ರಾತ್ರಿ ಸೆಲ್ವಿ ಮತ್ತಿಬ್ಬರು ಮನೆಗೆ ಹೋಗದೆ ಬಣ್ಣ ಬಳಿದರು. ಶುಕ್ರವಾರ ಬೆಳಿಗ್ಗೆ ಲಾರಿ ಹೊರಟಿತು. ಹಡಗು, ಚೂಪು ಮೂಗು, ಕಂಚಿನ ಪಂಖಗಳು, ಅವುಗಳ ಹಿಂದೆ ಹುಲ್ಲು ತುಂಬಿದ ಇನ್ನೊಂದು ಪೆಟ್ಟಿಗೆ. ದುಂಡು ಮೂಗನ್ನು ವಿಜಯಕುಮಾರ್ ತಾನೇ ಅಟ್ಟದಿಂದ ಇಳಿಸಿ, ಒರೆಸಿ, ಅದರೊಳಗಿಟ್ಟು ಮೊಳೆ ಹೊಡೆದಿದ್ದ. ಕೊಚ್ಚಿಯವರು ಒಪ್ಪಿದರೆ ಪೆಟ್ಟಿಗೆ ತೆರೆಯಬೇಕು, ಒಪ್ಪದಿದ್ದರೆ ಹಾಗೇ ವಾಪಸ್ಸು ತರಬೇಕು ಎಂದು ಡ್ರೈವರನಿಗೆ ಹೇಳಿದ.

ಹನ್ನೊಂದು ಗಂಟೆಗೆ ಶಶಿರೇಖ ಇಲಾಖೆಯ ಟಪಾಲು ಹಿಡಿದು ಅಂಚೆ ಕಚೇರಿಗೆ ಹೋದಳು. ಸಾಲಿನಲ್ಲಿ ಅವಳ ಮುಂದೆ ವಿಜಯಕುಮಾರ್ ನಿಂತಿದ್ದ. ಕೈಯಲ್ಲಿ ಅಂಚು ಹಳದಿಯಾದ ಒಂದು ಲಕೋಟೆ. ವಿಳಾಸ ಕೊಚ್ಚಿಯದು.

"ಹೊಸದಾಗಿ ಬರೀಬೇಕು ಅಂತ ಕೂತೆ, ಆಗಲಿಲ್ಲ" ಎಂದ, ಅವಳು ಕೇಳದಿದ್ದರೂ. "ಹಳೇದನ್ನೇ ತಂದೆ."

ಕೌಂಟರಿನ ಪಕ್ಕದ ಮೇಜಿನ ಮೇಲೆ ಕಾಗದ ಬಿಡಿಸಿದ. ಮೇಲೆ ಹೋದ ವರ್ಷದ ಜುಲೈ ತಾರೀಖಿತ್ತು. 'ನಮ್ಮ ಹಿರಿಯ ಕುಶಲಕರ್ಮಿ ಶ್ರೀ ವೆಂಕಟರಾಮಪ್ಪನವರು ಅಸ್ವಸ್ಥರಾಗಿದ್ದು, ತಾವು ಕೆತ್ತಿದ ಮೂಗನ್ನು ಒಂದು ಸಲವಾದರೂ ನೀರಿನಲ್ಲಿ ಎಳೆದು ನೋಡಬೇಕೆಂದು ಬಯಸುತ್ತಾರೆ' ಎಂದು ಬರೆದಿತ್ತು, ಇಂಗ್ಲಿಷಿನಲ್ಲಿ. ದಾರಕ್ಕೆ ಕಟ್ಟಿದ್ದ ಅಂಚೆ ಕಚೇರಿಯ ಪೆನ್ನಿನಿಂದ ಅವನು ತಾರೀಖು ತಿದ್ದಿದ. 'ಅಸ್ವಸ್ಥರಾಗಿದ್ದು' ಎಂಬುದನ್ನು ಹೊಡೆದು, ಮೇಲೆ 'ತೀರಿಕೊಂಡಿದ್ದು' ಎಂದು ಬರೆದ. 'ಬಯಸುತ್ತಾರೆ' ಎಂಬಲ್ಲಿ ಬಹಳ ಹೊತ್ತು ಪೆನ್ನು ಹಿಡಿದು ನಿಂತ. ಅದನ್ನು ಹಾಗೇ ಬಿಟ್ಟ.

ಲಕೋಟೆಯ ಅಂಟು ಒಣಗಿಹೋಗಿತ್ತು. ಗುಮಾಸ್ತ ಗೋಂದಿನ ಡಬ್ಬಿ ಮುಂದೆ ತಳ್ಳಿದ.

"ಸ್ಪೀಡ್ ಪೋಸ್ಟಾ?"

"ಹೌದು. ಸೋಮವಾರ ಸಿಗುತ್ತಾ?"

"ಇವತ್ತು ಹೋದ್ರೆ ಸಿಗುತ್ತೆ."

"ಇವತ್ತು ಹೋಗಲಿ" ಎಂದ ವಿಜಯಕುಮಾರ್. ಗುಮಾಸ್ತ ಲಕೋಟೆಯನ್ನು ತೂಗಿ, ಚೀಟಿ ಅಂಟಿಸಿ, ಮೊಹರು ಒತ್ತಿ, ಹಿಂದಿನ ಚೀಲಕ್ಕೆ ಹಾಕಿದ.